ಖಶಂ ಬಂಡೆಗೆ ತೆತ್ತ ಮಾತು

ವಾದಿ ಸುಫೈರ್
ಅಕ್ಟೋಬರ್ 4, 1998

ತಮ್ಮ ನಾಯಿಫ್‌ಗೆ ಅಕ್ಕ ಫಿದ್ದಾಳ ಸಲಾಂ.

ನಾವೆಲ್ಲ ಚೆನ್ನಾಗಿದ್ದೇವೆ. ಆಡುಗಳು ನಮಗಿಂತ ಚೆನ್ನಾಗಿವೆ, ಏಕೆಂದರೆ ಅವು ಯಾರೊಂದಿಗೂ ಮಾತು ಬಿಟ್ಟಿಲ್ಲ.

ಅಪ್ಪ ನಿನ್ನ ಹೆಸರೆತ್ತುವುದಿಲ್ಲ. ಆದರೆ ಗಂಡಸನ್ನು ಹಿರಿಮಗನ ಹೆಸರಿನಿಂದಲೇ ಕರೆಯುವ ನಮ್ಮ ಪದ್ಧತಿ ಅವರ ಜೀವ ಹಿಂಡುತ್ತಿದೆ. ಸುವೈಲಿಂ ಎಂಬ ಅವರ ಸ್ವಂತ ಹೆಸರನ್ನು ಯಾರೂ ಬಳಸುವುದಿಲ್ಲವಲ್ಲ. ಬೆಳಗಾದರೆ ಸಾಕು, "ಅಬೂ ನಾಯಿಫ್, ನಮ್ಮ ಒಂಟೆ ಕುಂಟ್ತಾ ಇದೆ, ಒಂಚೂರು ನೋಡಿ", "ಅಬೂ ನಾಯಿಫ್, ಈ ಕಳ್ಳನಿಗೆ ನೀವೇ ಬುದ್ಧಿ ಹೇಳಿ". ದಿನವಿಡೀ 'ನಾಯಿಫನ ಅಪ್ಪ' ಎಂದು ಕರೆಸಿಕೊಳ್ಳುತ್ತಾ, ನಾಯಿಫ್ ಎಂಬುವನೊಬ್ಬ ಇದ್ದಾನೆಂಬುದೇ ತಿಳಿಯದವರಂತೆ ಇರುವುದು ಸುಲಭವಲ್ಲ. ನೋಡಿದರೆ ಪಾಪ ಅನಿಸುತ್ತದೆ. ಗುಡಾರದಲ್ಲಿ ಹೆಂಗಸರ ಕಡೆಯ ಪರದೆಯ ಈಚೆ ಬಂದು ನಗುತ್ತೇನೆ.

ಅವರ ಕೋಪ ತಪ್ಪೆಂದು ಮಾತ್ರ ಹೇಳಲಾರೆ. ಕಲ್ಲುಕ್ವಾರಿಯವರ ಲಾರಿಗಳು ಖಶಂ ಬಂಡೆಯ ಬುಡಕ್ಕೆ ಹೋಗಲು ನಮ್ಮ ಮೇವುನೆಲದಲ್ಲಿ ದಾರಿ ಬೇಕೆಂದು ರುಶೈದ್ ಮಾವ ಕೇಳಿದ. ಹೆಂಡತಿಯ ತಮ್ಮ, ಕೆಲಸವಿಲ್ಲದ ಮಕ್ಕಳ ತಂದೆ; ಅಪ್ಪ "ಆಗಲಿ" ಎಂದರು. ನೀನು ಅಮ್ಮಾನಿನಿಂದ ಬಂದವನೇ, ಕೂತಿದ್ದ ಗಂಡಸರೆಲ್ಲ ಕೇಳುವಂತೆ "ಅಪ್ಪ, ನಿಮ್ಮ ಮಾತಿಗಿಂತ ಖಶಂ ದೊಡ್ಡದು" ಎಂದೆ. ಕಣಿವೆಯ ಜಗಳಗಳಿಗೆಲ್ಲ ತೀರ್ಪು ಹೇಳುವ ಮನುಷ್ಯ ಅವರು. ಪೊಲೀಸರಿಲ್ಲ, ಜೈಲಿಲ್ಲ, ಅವರ ಹತ್ತಿರ ಇರುವುದು ಮಾತೊಂದೇ. ಅದನ್ನು ನೀನು ಎಲ್ಲರೆದುರು ಬಂಡೆಯ ಪಕ್ಕ ನಿಲ್ಲಿಸಿ ಎತ್ತರ ಅಳೆದೆ.

ಕಳೆದ ತಿಂಗಳು ಕ್ವಾರಿಯವರು ಪರೀಕ್ಷೆಗೆಂದು ಒಂದು ಮದ್ದು ಸಿಡಿಸಿದರು. ಬಂಡೆಯ ಬುಡದ ಬುಗ್ಗೆ ಕೆಲವು ದಿನ ಕೆಂಪಾಗಿ ಹರಿಯಿತು. ಅಪ್ಪ ಒಂಟೆ ಹತ್ತಿ ಹೋಗಿ ನೋಡಿಕೊಂಡು ಬಂದರು. ಏನಾಯಿತು ಎಂದು ಅಮ್ಮ ಕೇಳಿದ್ದಕ್ಕೆ "ಜೀನು ಸಡಿಲ ಆಗಿದೆ" ಎಂದು ಒಂಟೆಯ ಕಡೆ ತಿರುಗಿದರು.

ಇನ್ನು ಕಣಿವೆಯನ್ನು ರಕ್ಷಿತ ತಾಣ ಮಾಡಿಸಲು ನಿನ್ನ ಕಚೇರಿ ಸಿದ್ಧಪಡಿಸುತ್ತಿರುವ ಕಡತದ ವಿಷಯ. 'ಈ ಬಂಡೆಗಳು ಏಕೆ ಉಳಿಯಬೇಕು' ಎಂದು ಊರಿನವರ ಮಾತಿನಲ್ಲೇ ಬೇಕು ಎಂದಿದ್ದೆ. ಶಾಲೆಯಲ್ಲಿ ಹುಡುಗಿಯರಿಗೆ ಬರೆಯಲು ಕೊಟ್ಟೆ. ಒಬ್ಬಳು, 'ಖಶಂ ಇಲ್ಲದಿದ್ದರೆ ಮಧ್ಯಾಹ್ನ ಎಲ್ಲಿ ಮಲಗಬೇಕೆಂದು ಆಡುಗಳು ನಮ್ಮನ್ನು ಕೇಳುತ್ತವೆ'. ಇನ್ನೊಬ್ಬಳು, 'ಕೂಗಿದರೆ ಅದು ಉತ್ತರ ಕೊಡುತ್ತದೆ, ನಮ್ಮ ಅಣ್ಣ ಕೊಡುವುದಿಲ್ಲ'. ಮತ್ತೊಬ್ಬಳು, 'ಅದು ಅಲ್ಲಿರುವುದರಿಂದ ನಾವು ಎಲ್ಲಿದ್ದೇವೆಂದು ಗೊತ್ತಾಗುತ್ತದೆ'. ಮೂವರಿಗೂ ಪೂರ್ತಿ ಅಂಕ ಕೊಟ್ಟಿದ್ದೇನೆ. ನಿನ್ನ ಮೇಲಧಿಕಾರಿಗಳು ಎಷ್ಟು ಕೊಡುತ್ತಾರೋ ನೋಡು.

ಪದ್ಯ ಕಳಿಸಿದರೆ ಅದೇ ಪ್ರಾಸದಲ್ಲಿ ಉತ್ತರ ಬರಬೇಕೆಂಬುದು ಮರೆತಿಲ್ಲ ತಾನೇ?

ಕಲ್ಲಿಗೊಂದು ಕಾವಲಿರಲಿ ಎಂದು ಊರು ಅಲೆವೆ,
ಕಲ್ಲಿನಂಥ ಅಪ್ಪನೆದುರು ಕೂರಲೇಕೆ ಅಳುಕುವೆ?

ಉತ್ತರಕ್ಕೆ ಕಾಯುವ,
ಫಿದ್ದಾ

*

ಅಮ್ಮಾನ್
ಅಕ್ಟೋಬರ್ 22, 1998

ಅಕ್ಕಾ,

ಬರುವೆನಕ್ಕ ಬರುವೆನೆಂದು ವರುಷವಿಡೀ ಉಲಿವೆ,
ಬರುವ ಬಸ್ಸು ಕೆಟ್ಟಿತೆಂದು ನೆಪವನೊಂದ ಕಳುಹುವೆ.

ಪ್ರಾಸ ಸರಿ ಇದೆ, ನಾನೇ ಸರಿ ಇಲ್ಲ ಎಂದು ನೀನು ಹೇಳುವ ಮೊದಲೇ ಒಪ್ಪಿಕೊಂಡಿದ್ದೇನೆ.

ಹುಡುಗಿಯರ ಉತ್ತರಗಳನ್ನು ಹಾಗೆಯೇ ಕಡತಕ್ಕೆ ಸೇರಿಸಿದೆ. ಮೇಲಿನವರು 'ವೈಜ್ಞಾನಿಕವಾಗಿಲ್ಲ' ಎಂದು ತೆಗೆಸಿದರು. ಈಗ ಅಲ್ಲಿ ಇರುವುದು ಬುಡದ ಕಪ್ಪು ಗ್ರಾನೈಟ್, ಅದರ ಮೇಲಿನ ಕೆಂಪು ಮರಳುಗಲ್ಲು, ಎರಡರ ನಡುವೆ ಒಸರುವ ನೀರು, ಎರಡು ಸಾವಿರ ವರ್ಷ ಹಿಂದಿನ ಗೀಚುಬರಹ. ಅವುಗಳಲ್ಲಿ ಒಂದನ್ನು ಇಲ್ಲಿನ ಪ್ರೊಫೆಸರರೊಬ್ಬರು ಓದಿ ಹೇಳಿದರು: ಯಾರೋ ಒಬ್ಬ ಕುರಿಗಾಹಿ ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಕೆತ್ತಿ, ಕೊನೆಗೆ 'ಕಾದೆ, ಅವನು ಬರಲಿಲ್ಲ' ಎಂದು ಮುಗಿಸಿದ್ದಾನೆ. ಇದಿಷ್ಟೂ ಖಶಂ ಬಂಡೆಯ ಮೇಲೇ ಇದೆ. ಖಶಂ ಕೈಬಿಟ್ಟರೆ ಇಡೀ ಕಣಿವೆಯ ಕಡತವೇ ಬಿದ್ದುಹೋಗುತ್ತದೆ.

ದಿನಾ ಕಚೇರಿಗೆ ಹೋಗುವಾಗ ಒಂದು ಬ್ಯಾಂಕ್ ದಾಟುತ್ತೇನೆ. ಅದರ ಗೋಡೆಗೆ ದಕ್ಷಿಣದ ಯಾವುದೋ ಬೆಟ್ಟದ ಕೆಂಪು ಚಪ್ಪಡಿ ಹಚ್ಚಿದ್ದಾರೆ, ಕನ್ನಡಿಯಂತೆ ಹೊಳೆಯುತ್ತದೆ. ಯಾವ ಬೆಟ್ಟ ಎಂದು ಕಾವಲುಗಾರನನ್ನು ಕೇಳಿದೆ. ನಕ್ಕ. ಹೆಸರಿದ್ದ ಬೆಟ್ಟವೊಂದು ಅಲ್ಲಿ ಚದರ ಮೀಟರ್ ಆಗಿ ನಿಂತಿದೆ. ಅದರ ನೆರಳಿಗೆ ಯಾವ ಆಡು ಬರುತ್ತಿತ್ತೋ.

ಮುಂದಿನ ತಿಂಗಳು ಬೆಲ್ಜಿಯಂನಿಂದ ಲೀವೆನ್ ಎಂಬ ತಜ್ಞರು ಕಣಿವೆ ನೋಡಲು ಬರುತ್ತಾರೆ. ಖಶಂ ಬುಡದಲ್ಲಿ ಕ್ವಾರಿ ಬರುವುದಿಲ್ಲ ಎಂದು ಅಲ್ಲಿನವರ ಬಾಯಿಂದ ಕೇಳಿದರೆ ಮಾತ್ರ ಅವರು ಮುಂದುವರಿಯುವುದು; ಆಮೇಲೆ ದೊಡ್ಡ ಸಮಿತಿಯೊಂದು ಬಂದು ನೋಡಿ ತೀರ್ಮಾನಿಸುತ್ತದೆ. ದುಭಾಷಿಯಾಗಿ ನಾನು ಬರಬೇಕಿತ್ತು. ನನ್ನ ಬದಲು ಬಾಸಿಲ್ ಬರುತ್ತಾನೆ. ಒಳ್ಳೆಯ ಹುಡುಗ, ಇಂಗ್ಲಿಷ್ ನನಗಿಂತ ಚೆನ್ನ. ಆದರೆ ಅಮ್ಮಾನ್ ಪೇಟೆಯಲ್ಲೇ ಹುಟ್ಟಿ ಬೆಳೆದವನು, ಒಂಟೆಯನ್ನು ಕ್ಯಾಲೆಂಡರಿನ ಚಿತ್ರದಲ್ಲಷ್ಟೇ ನೋಡಿದ್ದಾನೆ. ನಾನೇಕೆ ಬರುತ್ತಿಲ್ಲ ಎಂದು ಕೇಳಬೇಡ.

ಒಂದು ಮಾತು: ಲೀವೆನ್‌ಗೆ ಹೊಟ್ಟೆಹುಣ್ಣು. ಕಾಫಿ ಮುಟ್ಟುವುದಿಲ್ಲ. ಅಮ್ಮನಿಗೆ ಹೇಳಿ ಆಡಿನ ಹಾಲು ಕಾಯಿಸಿಡು.

ನಿನ್ನ,
ನಾಯಿಫ್

*

ವಾದಿ ಸುಫೈರ್
ನವೆಂಬರ್ 17, 1998

ನಾಯಿಫ್,

ಕೂತುಕೊಂಡು ಓದು. ನಿಂತಿದ್ದರೆ ಬೀಳುತ್ತೀಯೆ.

ನಿನ್ನ ತಜ್ಞರು ಮೊನ್ನೆ ಮಧ್ಯಾಹ್ನ ಬಂದರು. ಉದ್ದ ಮನುಷ್ಯ, ಮರಳುಗಾಡಿನಲ್ಲಿ ಕೊಡೆ ಬಿಚ್ಚಿಕೊಂಡು ನಡೆಯುವವನು. ಇಳಿದ ಗಳಿಗೆಯಲ್ಲೇ ಹುಡುಗರು 'ಕೊಡೆಯಪ್ಪ' ಎಂದು ನಾಮಕರಣ ಮಾಡಿದರು. ಅಪ್ಪನ ಗುಡಾರದಲ್ಲಿ ಕಣಿವೆಯ ಹಿರಿಯರೆಲ್ಲ ಕೂತಿದ್ದರು, ರುಶೈದ್ ಮಾವ ಎದುರಿಗೇ. ನಾನು ಮತ್ತು ಅಮ್ಮ ಪರದೆಯ ಈಚೆ. ಅಮ್ಮನ ಕಣ್ಣಿಗೆ ಒಂದು ತೂತು, ನನ್ನ ಕಣ್ಣಿಗೆ ಒಂದು.

ಅಪ್ಪ ಕಾಫಿಬೀಜ ಹುರಿದು, ಕುಟ್ಟಿ, ಏಲಕ್ಕಿ ಹಾಕಿ ಕುದಿಸಿ, ಮೊದಲ ಬಟ್ಟಲನ್ನು ಕೊಡೆಯಪ್ಪನಿಗೆ ಕೊಟ್ಟರು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ, ನಕ್ಕ, ಮೂಸಿ ನೋಡಿ ತಲೆದೂಗಿದ. ಆಮೇಲೆ ಬಟ್ಟಲನ್ನು ಕುಡಿಯದೆ ತನ್ನ ಮುಂದೆ ಚಾಪೆಯ ಮೇಲೆ ಇಟ್ಟುಬಿಟ್ಟ.

ಗುಡಾರದಲ್ಲಿದ್ದವರ ಕಣ್ಣೆಲ್ಲ ಬಟ್ಟಲಿನ ಮೇಲೆ. ನಿನಗೆ ಹೇಳಬೇಕಾಗಿಲ್ಲ: ಬೇಡಿಕೆ ಹೊತ್ತು ಬಂದವನು ಮಾತ್ರ ಬಟ್ಟಲು ಕೆಳಗಿಡುತ್ತಾನೆ. ಕೊಲೆಗೆ ಕ್ಷಮೆ ಕೇಳುವವನು, ಹೆಣ್ಣು ಕೇಳುವವನು ಇಡುತ್ತಾನೆ. ನಡೆಸಿಕೊಡುತ್ತೇನೆ ಎಂದು ಮನೆಯವನು ಹೇಳುವ ತನಕ ಕುಡಿಯುವುದಿಲ್ಲ. ಕುಡಿಯದೆ ಎದ್ದುಹೋದರೆ ಮನೆಯವನು ತಲೆಯೆತ್ತುವಂತಿಲ್ಲ. ನಿನ್ನ ಬಾಸಿಲ್ ಮಾತ್ರ ಏನೂ ಆಗದವನಂತೆ ಖರ್ಜೂರದ ಬೀಜ ಉಗುಳಲು ಜಾಗ ಹುಡುಕುತ್ತಿದ್ದ.

ಅಮ್ಮ ನನ್ನ ಕಿವಿಯಲ್ಲಿ, "ಅಯ್ಯೋ, ಹಾಲು ಕೊಟ್ಕಳಿಸೋಣ ಕಣೇ!" ಎಂದಳು. ಅಷ್ಟರಲ್ಲಿ ಅಪ್ಪ ಗಂಟಲು ಸರಿಮಾಡಿಕೊಂಡರು.

"ನಿಮ್ಮ ಕಾಫಿ ಕುಡೀರಿ, ಅತಿಥಿಗಳೇ. ಬಂದ ಕೆಲಸ ಆಯ್ತು ಅಂತ್ಲೇ ತಿಳ್ಕೊಳ್ಳಿ."

ಬಾಸಿಲ್ ಅದನ್ನು ಏನೆಂದು ಹೇಳಿದನೋ. 'ಕುಡಿಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ' ಎಂದಿರಬೇಕು. ಕೊಡೆಯಪ್ಪ ಕಣ್ಣುಮುಚ್ಚಿ, ಕಷಾಯ ಕುಡಿಯುವ ಮಗುವಿನ ಹಾಗೆ ಒಂದೇ ಗುಟುಕಿಗೆ ಇಳಿಸಿದ.

"ಈಗ ಹೇಳಿ, ಏನು ಬೇಕಾಗಿತ್ತು?" ಎಂದರು ಅಪ್ಪ.

ಅವನು ನಕ್ಷೆ ಬಿಚ್ಚಿ, ಖಶಂ ಮೇಲೆ ಬೆರಳಿಟ್ಟ. ಬಾಸಿಲ್ ಹೇಳಿದ: "ಇದು ಹೀಗೇ ಇರ್ಬೇಕಂತೆ. ಯಾರೂ ಒಡೀಬಾರ್ದಂತೆ."

"ಆಯ್ತು" ಎಂದರು ಅಪ್ಪ.

ರುಶೈದ್ ಮಾವ ಎದ್ದ. "ಅಬೂ ನಾಯಿಫ್, ನನಗೂ ಬೇಸಿಗೇಲಿ 'ಆಯ್ತು' ಅಂದಿದ್ರಿ. ಯಾವ ಆಯ್ತು ಗಟ್ಟಿ, ಯಾವ ಆಯ್ತು ಟೊಳ್ಳು? ಕೊಡೆ ಇದ್ದೋರಿಗೊಂದು, ಇಲ್ದೋರಿಗೊಂದಾ?"

ಅಪ್ಪ ಖಾಲಿ ಬಟ್ಟಲನ್ನು ಒರೆಸಿಟ್ಟರು. ಮಾವ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೊರಟುಹೋದ. ಅತಿಥಿ ಸಂಜೆಯವರೆಗೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಅಮ್ಮ ಅವನಿಗೆ ಹಾಲು ಕುಡಿಸಿದಳು, ತನ್ನ ತಮ್ಮನ ಗುಡಾರದ ಕಡೆ ನೋಡುತ್ತಾ.

ಈ ಸಲ ಪದ್ಯವಿಲ್ಲ.

ಫಿದ್ದಾ

*

ಅಮ್ಮಾನ್
ಡಿಸೆಂಬರ್ 1, 1998

ಅಕ್ಕಾ,

ಹೊಟ್ಟೆಹುಣ್ಣು ಎಂದು ಬರೆದಿದ್ದೆನಲ್ಲ! ಪರದೆಯ ಈಚೆಯಿಂದ ಒಂದು ಮಾತು ಕೂಗಬಾರದಿತ್ತೇ?

ಲೀವೆನ್ ಖುಷಿಯಲ್ಲಿದ್ದಾರೆ. 'ನಿಮ್ಮ ತಂದೆ ಎಷ್ಟು ಬೇಗ ಒಪ್ಪಿದರು! ವರದಿಯಲ್ಲಿ ಅವರ ಹೆಸರು ಹಾಕುತ್ತೇನೆ' ಎನ್ನುತ್ತಾರೆ. ತಾನು ಬಟ್ಟಲು ಕೆಳಗಿಟ್ಟದ್ದರ ಅರ್ಥ ಅವರಿಗೆ ಗೊತ್ತಿಲ್ಲ. ಹೇಳಿದರೆ ಆ ಒಪ್ಪಿಗೆಯನ್ನು ಅವರೇ ಬೇಡವೆನ್ನುತ್ತಾರೆ, ಅಂಥ ಮನುಷ್ಯ. ಹೇಳದಿದ್ದರೆ ಖಶಂ ಉಳಿಯುತ್ತದೆ, ಅಪ್ಪ ಎರಡು ಮಾತಿನವರಾಗುತ್ತಾರೆ.

ಅಪ್ಪನಿಗೆ ಒಂದು ಕಾಗದ ಬರೆದಿಟ್ಟಿದ್ದೇನೆ: ಅದು ಬೇಡಿಕೆ ಅಲ್ಲ, ಬರೀ ಹೊಟ್ಟೆನೋವು, ನೀವು ಕೊಟ್ಟ ಮಾತು ಲೆಕ್ಕಕ್ಕಿಲ್ಲ, ರುಶೈದ್ ಮಾವನಿಗೆ ಕೊಟ್ಟದ್ದೇ ಉಳಿಯಲಿ ಎಂದು. ಆರು ವರ್ಷದ ಕೆಲಸಕ್ಕೆ ಕೈಯಾರೆ ನೀರು ಬಿಟ್ಟ ಹಾಗೆ. ಕಳಿಸಲೇ? ನೀನು ಹೇಳಿದ ಹಾಗೆ ಮಾಡುತ್ತೇನೆ. ಬೇಗ ಬರಿ.

ನಾಯಿಫ್

*

ವಾದಿ ಸುಫೈರ್
ಡಿಸೆಂಬರ್ 27, 1998

ತಮ್ಮಾ,

ಕಳಿಸಬೇಡ.

ರಂಜಾನ್ ಉಪವಾಸ ಶುರುವಾಗಿದೆ; ಹಗಲು ಯಾರ ಗುಡಾರದಲ್ಲೂ ಕಾಫಿ ಇಲ್ಲ, ಹಾಗಾಗಿ ಯಾರೂ ಯಾರಿಗೂ ಏನೂ ಒಪ್ಪಿಕೊಳ್ಳಲಾರರು. ದೇವರು ನಮ್ಮನ್ನು ಬಲ್ಲ.

ನಿನ್ನ ಕಾಗದ ಓದಿ ನಾನು ಅಮ್ಮನನ್ನು ಕೇಳಿದೆ: "ಅವನು ಕಾಫಿ ಕುಡಿಯಲ್ಲ ಅಂತ ಅಪ್ಪನಿಗೆ ಮೊದ್ಲೇ ಹೇಳ್ಬಾರ್ದಿತ್ತಾ?"

ಅಮ್ಮ ರೊಟ್ಟಿ ತಟ್ಟುತ್ತಿದ್ದಳು. "ಹೇಳಿದ್ದೆ ಕಣೇ. ಹಿಂದಿನ ದಿನಾನೇ ಹೇಳಿದ್ದೆ. 'ಹಾಲು ಕಾಯಿಸ್ಲಾ' ಅಂದೆ. 'ಕಾಯ್ಸು, ಆದ್ರೆ ನಾನು ಕರೆಯೋವರ್ಗೂ ತರ್ಬೇಡ' ಅಂದ್ರು."

ರೊಟ್ಟಿ ಹೊತ್ತಿತು.

ಈಗ ಹೇಳು, ಅಂಥ ಅಪ್ಪನಿಗೆ ಯಾರು ಏನು ವಿವರಿಸಬೇಕು? ಜೀನು ಸಡಿಲ ಎಂದು ಒಂಟೆಯ ಕಡೆ ತಿರುಗಿದ ದಿನದಿಂದ ಅವರು ಒಂದು ದಾರಿ ಹುಡುಕುತ್ತಿದ್ದರೆಂದು ಕಾಣುತ್ತದೆ. ಅದು ಕೊಡೆ ಹಿಡಿದುಕೊಂಡು ಬಂತು.

ನಿನ್ನ ಕಡತದ ಪ್ರಶ್ನೆಯನ್ನು ಈ ತಿಂಗಳೆಲ್ಲ ತಲೆಯಲ್ಲಿ ಹೊತ್ತು ತಿರುಗಿದೆ. ಯಾರಾದರೂ ಓಡಿಬಂದು ಗುಡಾರದ ಕಂಬ ಹಿಡಿದರೆ, ಅವನು ಶತ್ರುವಾದರೂ ನಾವು ಕಾಯುತ್ತೇವೆ. ಆದರೆ ಬಂಡೆ ಓಡಿಬಂದು ಕಂಬ ಹಿಡಿಯಲಾರದು. ಅದರ ಪರವಾಗಿ ಯಾರಾದರೂ ಹಿಡಿಯಬೇಕು. ನಮ್ಮವರೇ ಹಿಡಿದರೆ 'ನಿನಗೇನು ಲಾಭ' ಎಂಬ ಪ್ರಶ್ನೆ ಬರುತ್ತದೆ. ಖಶಂನಿಂದ ನಮಗೇನು ಲಾಭ? ಬೆಳಗ್ಗೆ ಪಶ್ಚಿಮಕ್ಕೆ ನೆರಳು, ಸಂಜೆ ಪೂರ್ವಕ್ಕೆ ನೆರಳು, ಬುಡದಲ್ಲಿ ಒಂದು ಕೊಡ ನೀರು. ರುಶೈದ್ ಮಾವ ಕೇಳುವುದು ಸುಳ್ಳಲ್ಲ: "ಕಲ್ಲು ನೋಡ್ಕೊಂಡಿದ್ರೆ ಮಕ್ಕಳ ಹೊಟ್ಟೆ ತುಂಬುತ್ತೇನೇ ಫಿದ್ದಾ?" ನಾನು, "ಕಲ್ಲು ಮಾರಿದರೆ ಒಂದು ಸಲ ತುಂಬುತ್ತೆ ಮಾವ, ಆಮೇಲೆ ಏನ್ ಮಾರ್ತೀರಿ?" ಎಂದೆ. "ಬಾಯಿ ನೋಡು ಮೇಷ್ಟ್ರಮ್ಮಂದು!" ಎಂದು ಬೈದು ಹೋದ. ಆದರೆ ಉತ್ತರ ಇಬ್ಬರ ಹತ್ತಿರವೂ ಅರ್ಧರ್ಧವೇ ಇತ್ತು.

ನನಗೆ ಅನಿಸುವುದಿಷ್ಟು. ಎರಡು ಸಾವಿರ ವರ್ಷದ ಹಿಂದೆ 'ಕಾದೆ, ಅವನು ಬರಲಿಲ್ಲ' ಎಂದು ಕೆತ್ತಿದವನು ಯಾರಿಗೂ ಬೇಕಾದವನಲ್ಲ. ರಾಜನಲ್ಲ, ಸಂತನಲ್ಲ. ಅವನ ಬೇಸರವೊಂದನ್ನು ಇಷ್ಟು ಕಾಲ ಹಾಗೇ ಇಟ್ಟುಕೊಂಡಿರುವುದು ಈ ಬಂಡೆ ಮಾತ್ರ. ನಮ್ಮಲ್ಲಿ ಯಾರೂ ಯಾರ ಬೇಸರವನ್ನೂ ವರ್ಷ ಇಟ್ಟುಕೊಳ್ಳುವುದಿಲ್ಲ. ನಿನ್ನನ್ನೂ ಅಪ್ಪನನ್ನೂ ಬಿಟ್ಟು.

ಊರ ಬಾಯಿ ಸುಮ್ಮನಿಲ್ಲ. ಬಾವಿಯ ಹತ್ತಿರ ಮಾವನ ಹಿರಿಮಗ ಎಲ್ಲರೆದುರು, "ಅಬೂ ನಾಯಿಫ್‌ಗೆ ಎರಡು ನಾಲಿಗೆ, ಒಂದು ನೆಂಟರಿಗೆ, ಒಂದು ಪರದೇಶಿಗೆ" ಎಂದ. ಅಪ್ಪ ಅಲ್ಲೇ ನೀರು ಸೇದುತ್ತಿದ್ದರು. ಬಿಂದಿಗೆ ತುಂಬಿಸಿ, ಮೊದಲು ಅವನ ಒಂಟೆಗೆ ಕುಡಿಸಿ ಬಂದರು. ನೀನು ಬೇಸಿಗೆಯಲ್ಲಿ ಆಡಿದ್ದನ್ನು ಅವರು ಮಾಡಿ ತೋರಿಸಿದ್ದಾರೆ, ನಾಯಿಫ್. ಆಡಿದವನಿಗೆ ಬಸ್ ಚಾರ್ಜಿನಷ್ಟೇ ಖರ್ಚು.

ಹಬ್ಬ ಮುಗಿಯಲಿ ಎಂದು ಅಪ್ಪ ಕಾಯುತ್ತಿದ್ದಾರೆ. ಏಕೆಂದು ಹೇಳುತ್ತಿಲ್ಲ.

ಫಿದ್ದಾ

*

ವಾದಿ ಸುಫೈರ್
ಜನವರಿ 30, 1999

ನಾಯಿಫ್,

ಹಬ್ಬದ ಮಾರನೆಯ ವಾರ ಅಪ್ಪ ಒಳ್ಳೆಯ ಅಂಗಿ ಹಾಕಿಕೊಂಡು, ಅಮ್ಮನನ್ನು ಕರೆದುಕೊಂಡು, ರುಶೈದ್ ಮಾವನ ಗುಡಾರಕ್ಕೆ ಹೋದರು. ನಾನು ಹೋಗಲಿಲ್ಲ. ಅಮ್ಮ ಹೇಳಿದ್ದನ್ನು ಬರೆಯುತ್ತಿದ್ದೇನೆ, ಅವಳು ನಡುನಡುವೆ ಅತ್ತದ್ದನ್ನು ಬಿಟ್ಟು.

ಮಾವನ ಗುಡಾರ ತುಂಬ ಜನ. ಮಾವ ಬಟ್ಟಲು ತುಂಬಿಸಿ ಕೊಟ್ಟ. ಅಪ್ಪ ತೆಗೆದುಕೊಂಡು, ತಮ್ಮ ಮುಂದೆ ಕೆಳಗಿಟ್ಟರು.

ಅವರಿಗೆ ಹೊಟ್ಟೆಹುಣ್ಣಿಲ್ಲ ಎಂದು ಎಲ್ಲರಿಗೂ ಗೊತ್ತು.

ಮಾವ ಬಟ್ಟಲನ್ನೇ ನೋಡುತ್ತಾ ಕೂತನಂತೆ. ಕಾಫಿ ಆರಿತು. ಅವನ ಮಗ ಏನೋ ಹೇಳಲು ಹೋದ. "ಬಾಯ್ಮುಚ್ಚೋ, ದೊಡ್ಡೋರು ಕೂತಿರೋವಾಗ" ಎಂದು ಗದರಿಸಿ, ಕೊನೆಗೆ ಅಪ್ಪನ ಕಡೆ ತಿರುಗಿದ.

"ಕೊಟ್ಟ ಮಾತು ವಾಪಸ್ ಬೇಕಾ, ಅಬೂ ನಾಯಿಫ್?"

"ಬೇಕು."

"ಒಂದು ಬಂಡೆಗೋಸ್ಕರ?"

ಅಪ್ಪ, "ನಾನು ಅದನ್ನ ಕೊಡೋ ಹಾಗೇ ಇರ್ಲಿಲ್ಲ, ರುಶೈದ್. ನನ್ನದಲ್ಲದ್ದನ್ನ ಕೊಟ್ಟೆ" ಎಂದರು.

ಅವರ ಬಾಯಿಂದ ಅಂಥ ಮಾತು ಆ ಜನ ಕೇಳಿದ್ದು ಅದೇ ಮೊದಲು.

ಮಾವ ಗಡ್ಡ ನೀವಿಕೊಂಡ. "ಕಾಫಿ ಕುಡೀರಿ. ಆದ್ರೆ ನಂದೂ ಒಂದಿದೆ. ಬಂಡೆ ನೋಡೋಕೆ ಆ ದೊಡ್ಡ ಜನ ಬಂದಾಗ ನನ್ನ ಗುಡಾರಕ್ಕೆ ಬರ್ಬೇಕು. ಕಾಫಿ ನಾನು ಹಾಕ್ತೀನಿ. ಬಂಡೆ ತೋರ್ಸೋರು ನನ್ನ ಮಕ್ಕಳು. ಖಶಂ ಪರವಾಗಿ ಮಾತಾಡೋನು ಈ ರುಶೈದ್. ನೀವು ಆವತ್ತು ಇಲ್ಲಿ ಕೂತ್ಕೊಳ್ಳೋರಲ್ಲಿ ಒಬ್ರು, ಅಷ್ಟೆ."

"ಆಗಲಿ. ಬಾಗಿಲ ಹತ್ರ ಕೂತ್ಕೋತೀನಿ" ಎಂದು ಅಪ್ಪ ಆರಿದ ಕಾಫಿ ಕುಡಿದರು. ಸಾಕೆಂದು ಬಟ್ಟಲು ಅಲ್ಲಾಡಿಸಿ ವಾಪಸು ಕೊಡುತ್ತಾ, ಯಾರೂ ಕೇಳದಿದ್ದರೂ, ಇನ್ನೊಂದು ಮಾತು ಸೇರಿಸಿದರು: "ಇನ್ಮೇಲೆ ಜಗಳ ತೀರ್ಸೋಕೆ ನನ್ನ ಹತ್ರ ಬರ್ಬೇಡಿ. ಮಾತು ವಾಪಸ್ ಕೇಳಿದೋನು ಇನ್ನೊಬ್ರ ಮಾತು ತೂಗಬಾರ್ದು."

ಮಾವ ಗಾಬರಿಯಾಗಿ, "ಅಯ್ಯೋ, ಅದನ್ನ ನಾನ್ ಕೇಳ್ಲಿಲ್ಲ!" ಎಂದ.

"ನೀನು ಕೇಳ್ಲಿಲ್ಲ" ಎಂದರು ಅಪ್ಪ.

ಕ್ವಾರಿಯವರು ಯಂತ್ರ ಹೇರಿಕೊಂಡು ಕಳೆದ ಗುರುವಾರ ಹೋದರು. ಬೆಳಗ್ಗೆ ನಮ್ಮ ಗುಡಾರದ ಮುಂದೆ ಈಗ ಯಾರೂ ಕಾಯುವುದಿಲ್ಲ. ಅಪ್ಪ ಅಭ್ಯಾಸಬಲದಿಂದ ಕಾಫಿ ಜಾಸ್ತಿ ಕುದಿಸುತ್ತಾರೆ. ನಾನೂ ಅಮ್ಮನೂ ಕುಡಿದು ಕುಡಿದು ನಿದ್ದೆಗೆಟ್ಟಿದ್ದೇವೆ.

ಈ ವಿಷಯ ಕಡತದಲ್ಲಿ ಎಲ್ಲಿ ಬರೆಯುತ್ತೀಯೋ, 'ವೈಜ್ಞಾನಿಕವಾಗಿಲ್ಲ' ಎಂದು ಯಾರು ತೆಗೆಸುತ್ತಾರೋ ನನಗೆ ಗೊತ್ತಿಲ್ಲ. ನೀನು ಇನ್ನು ನನಗೆ ಬರೆಯಬೇಡ. ಬರೆಯಬೇಕಾದವರಿಗೆ ಬರೆ. ಅವರಿಗೆ ಓದಲು ಕನ್ನಡಕ ಕೊಡಿಸಿದ್ದೇನೆ.

ಅಕ್ಕ,
ಫಿದ್ದಾ

*

ವಾದಿ ಸುಫೈರ್
ಏಪ್ರಿಲ್ 11, 1999

ನಾಯಿಫ್,

ನಿನ್ನ ಕಾಗದ ಬಂತು. ಓದಿದೆ. ಅದರಲ್ಲಿದ್ದ ವಿಷಯಕ್ಕೆ ಉತ್ತರ ಬೇಡ.

ಈ ತಿಂಗಳ ಕೊನೆಗೆ ಸಮಿತಿಯವರನ್ನು ಕರೆದುಕೊಂಡು ನೀನೇ ಬರುವುದಾಗಿ ಬರೆದಿದ್ದೀಯೆ. ಒಳ್ಳೆಯದು. ಬರುವಾಗ ಗಮನದಲ್ಲಿಟ್ಟುಕೋ.

ಗಾಡಿಯನ್ನು ನಮ್ಮ ಗುಡಾರದ ಮುಂದೆ ನಿಲ್ಲಿಸಬೇಡ. ಸೀದಾ ರುಶೈದನ ಗುಡಾರಕ್ಕೆ ಹೋಗು. ಬಂದವರಿಗೆ ಖಶಂ ಬಗ್ಗೆ ಹೇಳುವುದಿದ್ದರೆ ಅವನು ಹೇಳಲಿ, ನೀನು ಅವರ ಭಾಷೆಗೆ ತಿರುಗಿಸು. ಅವನು ತಪ್ಪು ಹೇಳಿದರೂ ಅಲ್ಲೇ ತಿದ್ದಬೇಡ. ಬುಗ್ಗೆಯ ಹತ್ತಿರ ಅವನ ಮಕ್ಕಳು ಮುಂದೆ ನಡೆಯಲಿ. ಕಾಫಿ ಕುಡಿಯಲಾಗದವರು ಯಾರಾದರೂ ಇದ್ದರೆ ಮೊದಲೇ ತಿಳಿಸು.

ಗುಡಾರದೊಳಗೆ ಬಂದಾಗ ಮೊದಲ ಸಲಾಂ ರುಶೈದನಿಗೆ. ಆಮೇಲೆ ಬಲಗಡೆಯಿಂದ ಒಬ್ಬೊಬ್ಬರಿಗೂ ಕ್ರಮವಾಗಿ. ನಾನು ಕೊನೆಯಲ್ಲಿ, ಚಪ್ಪಲಿಗಳ ಪಕ್ಕ ಕೂತಿರುತ್ತೇನೆ. ಒಳಗೆ ಬರುತ್ತಲೇ ನಾನು ಕಾಣುತ್ತೇನೆ. ನನ್ನ ಮೇಲೆ ಕಣ್ಣು ನಿಲ್ಲಿಸಬೇಡ, ನನ್ನನ್ನು ದಾಟಿ ಹೋಗು. ನಿಲ್ಲಿಸಿದರೆ ಅವನಿಗೆ ಕೊಟ್ಟ ಮರ್ಯಾದೆ ಅರ್ಧವಾಗುತ್ತದೆ, ಮತ್ತೆ ನಾನು ಮಾತು ತಪ್ಪಿದಂತಾಗುತ್ತದೆ.

ಅವಸರ ಮಾಡಬೇಡ. ಹಿರಿಯರೊಬ್ಬೊಬ್ಬರ ಆರೋಗ್ಯವನ್ನೂ, ಮಕ್ಕಳ ಆರೋಗ್ಯವನ್ನೂ ಸಾವಧಾನವಾಗಿ ಕೇಳು. ಸರದಿ ನನ್ನವರೆಗೆ ಬಂದಾಗ ನಾನು ಎದ್ದು ನಿಲ್ಲುತ್ತೇನೆ.

ಸುವೈಲಿಂ